ಹತ್ತು ಅಧ್ಯಯನ ಹತ್ತು ಮಾತು ಹೇಳಿದಾಗ: ಸಂಶೋಧನೆಯ ಪುರಾವೆಯನ್ನು ನೀತಿಗೆ ಒದಗುವಂತೆ ಜೋಡಿಸುವ ಬಗೆ

ಮಗುವನ್ನು ಬೋರಲು ಮಲಗಿಸಿ. 1940ರ ದಶಕದಿಂದ 1980ರ ದಶಕದ ಕೊನೆಯವರೆಗೂ ಪಾಶ್ಚಾತ್ಯ ದೇಶಗಳ ಶಿಶುಪಾಲನೆಯ ಪುಸ್ತಕಗಳಲ್ಲಿ ಈ ಸಲಹೆ ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟೀತು ಎಂಬುದು ಅದರ ಹಿಂದಿನ ತರ್ಕ. ಕೇಳಲು ಸರಿಯಾಗಿಯೇ ಇತ್ತು. ಆದರೆ ಬೋರಲು ಮಲಗುವ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವ ಸಂಭವ ಹೆಚ್ಚು ಎಂಬ ಸುಳಿವು ಅಲ್ಲೊಂದು ಇಲ್ಲೊಂದು ಅಧ್ಯಯನದಲ್ಲಿ ಬಿದ್ದಿತ್ತು. 2005ರಲ್ಲಿ ಸಂಶೋಧಕರ ತಂಡವೊಂದು ಆ ಹಳೆಯ ಅಧ್ಯಯನಗಳನ್ನೆಲ್ಲ ಒಂದೆಡೆ ತಂದು ಲೆಕ್ಕ ಹಾಕಿತು. ಬೋರಲು ಮಲಗಿಸಿದರೆ ಅಪಾಯ ಸುಮಾರು ಮೂರು ಪಟ್ಟು ಎಂಬುದು 1970ರ ಹೊತ್ತಿಗೇ ಗೊತ್ತಾಗಬಹುದಿತ್ತು ಎಂದು ಅದರಿಂದ ಹೊರಬಿತ್ತು. ಸಲಹೆ ಬದಲಾದದ್ದು ಮಾತ್ರ 1990ರ ಆಸುಪಾಸಿನಲ್ಲಿ. ಆ ಇಪ್ಪತ್ತು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗ ಸೇರಿ ಕನಿಷ್ಠ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತು ಎಂದು ಅವರು ಅಂದಾಜು ಮಾಡಿದರು.

ಅಲ್ಲಿ ಸಂಶೋಧನೆಗೇನೂ ಕೊರತೆ ಇರಲಿಲ್ಲ. ಇದ್ದದ್ದನ್ನು ಒಟ್ಟಿಗೆ ಓದುವವರು ಇರಲಿಲ್ಲ.

ಹೀಗೆ ಒಟ್ಟಿಗೆ ಓದುವುದಕ್ಕೆ ಈಗ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಸಿಸ್ಟಮ್ಯಾಟಿಕ್ ರಿವ್ಯೂ ಎಂಬ ಅದನ್ನು ಇಲ್ಲಿ ವ್ಯವಸ್ಥಿತ ಪರಾಮರ್ಶೆ ಎನ್ನೋಣ; ವಿಮರ್ಶೆ ಎಂದರೆ ನಮಗೆ ಕೂಡಲೇ ಕಥೆ, ಕವಿತೆ ನೆನಪಾಗುತ್ತದೆ. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ 1979ರಲ್ಲಿ ತಮ್ಮ ವೃತ್ತಿಯವರನ್ನೇ ತರಾಟೆಗೆ ತೆಗೆದುಕೊಂಡಿದ್ದರು: ನಡೆದಿರುವ ಪ್ರಯೋಗಗಳನ್ನೆಲ್ಲ ಸೇರಿಸಿ, ತೂಗಿ, ಕಾಲಕಾಲಕ್ಕೆ ಪರಿಷ್ಕರಿಸುವ ಸಾರಾಂಶವನ್ನು ನಾವು ಸಿದ್ಧಪಡಿಸಿಲ್ಲ ಎಂಬುದು ಅವರ ಆಕ್ಷೇಪ. ಅವರ ಹೆಸರಿನ ಕಾಕ್ರನ್ ಸಂಸ್ಥೆ 1993ರಲ್ಲಿ ಹುಟ್ಟಿತು. ಶಿಕ್ಷಣ, ಅಪರಾಧ ತಡೆ, ಸಮಾಜ ಕಲ್ಯಾಣದ ವಿಷಯಗಳಿಗಾಗಿ ಕ್ಯಾಂಪ್‌ಬೆಲ್ ಸಂಸ್ಥೆ 2000ದಲ್ಲಿ ಶುರುವಾಯಿತು.

ಸಾಮಾನ್ಯ ಸಾಹಿತ್ಯ ಸಮೀಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿ ಹೇಳಬಹುದಾದದ್ದು. ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು, ಹೇಗೆ ತೂಗಬೇಕು ಎಂಬ ನಿಯಮಗಳನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು, ಮತ್ತು ಪ್ರತಿಯೊಂದು ತೀರ್ಮಾನವನ್ನೂ ಬೇರೊಬ್ಬರು ಹಿಂದಕ್ಕೆ ಹೋಗಿ ಪರಿಶೀಲಿಸುವಂತಿರಬೇಕು. ಅಂಕಿಸಂಖ್ಯೆಯ ಕಸರತ್ತು ಈ ಕೆಲಸದ ಚಿಕ್ಕ ಭಾಗ. ಎಡವಟ್ಟು ಆಗುವುದು ಬಹುಮಟ್ಟಿಗೆ ಎರಡು ತುದಿಗಳಲ್ಲಿ: ಪ್ರಶ್ನೆ ಕೇಳುವಾಗ, ಮತ್ತು ಉತ್ತರವನ್ನು ಬಳಸುವಾಗ.

ಪ್ರಶ್ನೆ

ಇಲಾಖೆಗಳಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: "ಶಿಕ್ಷಕರ ತರಬೇತಿಯಿಂದ ಪ್ರಯೋಜನ ಇದೆಯೇ?" ಇದಕ್ಕೆ ಉತ್ತರ ಹುಡುಕಲು ಸಾಧ್ಯವೇ ಇಲ್ಲ. ಯಾವ ತರಗತಿಯ ಶಿಕ್ಷಕರು? ಎರಡು ಗಂಟೆಯ ಉಪನ್ಯಾಸವೂ ತರಬೇತಿಯೇ, ಆರು ತಿಂಗಳ ಕಾಲ ತರಗತಿಯಲ್ಲೇ ಜೊತೆ ನಿಂತು ಕಲಿಸುವುದೂ ತರಬೇತಿಯೇ. ಯಾವುದಕ್ಕೆ ಹೋಲಿಸಿ ಪ್ರಯೋಜನ, ಏನೂ ಮಾಡದಿರುವುದಕ್ಕೋ ಅಥವಾ ಅದೇ ಹಣದಲ್ಲಿ ಪುಸ್ತಕ ಕೊಡುವುದಕ್ಕೋ? ಪ್ರಯೋಜನ ಎಂದರೆ ಶಿಕ್ಷಕರ ತೃಪ್ತಿಯೋ, ಮಕ್ಕಳ ಓದುವ ಸಾಮರ್ಥ್ಯವೋ?

ಆದ್ದರಿಂದ ಪ್ರಶ್ನೆಯನ್ನು ನಾಲ್ಕು ಭಾಗವಾಗಿ ಬಿಡಿಸುತ್ತಾರೆ: ಯಾರಿಗೆ, ಏನನ್ನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಏನಾಗುತ್ತದೆ. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಪೈಕೊ ಎಂದು ಕರೆಯುವ ರೂಢಿ ಇದೆ. ಹಾಳೆಯ ಮೇಲೆ ಬರೆದರೆ ನಾಲ್ಕೇ ಸಾಲು, ಆದರೆ ಅದನ್ನು ಒಪ್ಪಿಸಲು ಮೂರು ನಾಲ್ಕು ಸಭೆ ಬೇಕಾಗುವುದುಂಟು. ಆ ಸಮಯ ವ್ಯರ್ಥವಲ್ಲ. ಪರಾಮರ್ಶೆ ಮಾಡುವವರು ಒಂದು ಪ್ರಶ್ನೆಗೆ ಉತ್ತರ ಹುಡುಕಿ, ನಿರ್ಧಾರ ಮಾಡುವವರ ಮನಸ್ಸಿನಲ್ಲಿ ಇನ್ನೊಂದೇ ಪ್ರಶ್ನೆ ಇದ್ದರೆ ಮುಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಕೇಳಿ ನೋಡಬೇಕಾದ ಮಾತು ಒಂದೇ: "ಉತ್ತರ ಹೌದು ಎಂದು ಬಂದರೆ ನೀವು ಏನು ಮಾಡುತ್ತೀರಿ, ಇಲ್ಲ ಎಂದು ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಪರಾಮರ್ಶೆ ಬೇಕಿಲ್ಲ.

ಎಲ್ಲ ಪ್ರಶ್ನೆಯೂ "ಕೆಲಸ ಮಾಡುತ್ತದೆಯೇ" ಎಂಬ ಬಗೆಯದಲ್ಲ. ಜನ ಇದನ್ನು ಏಕೆ ಒಪ್ಪುತ್ತಿಲ್ಲ, ಸಿಬ್ಬಂದಿಗೆ ಯಾವುದು ಅಡ್ಡಿ ಎಂಬುದಕ್ಕೆ ಸಂದರ್ಶನ ಆಧಾರಿತ, ಗುಣಾತ್ಮಕ ಅಧ್ಯಯನಗಳನ್ನು ಜೋಡಿಸಬೇಕು. ಯಾರಿಗೆ, ಯಾವ ಸನ್ನಿವೇಶದಲ್ಲಿ, ಯಾವ ಕಾರಣದಿಂದ ಕೆಲಸ ಮಾಡುತ್ತದೆ ಎಂದು ಕೇಳುವ ರಿಯಲಿಸ್ಟ್ ಪರಾಮರ್ಶೆಯ ದಾರಿ ಮತ್ತೊಂದು. ಪ್ರಶ್ನೆಗೆ ತಕ್ಕ ವಿಧಾನ ಆರಿಸಬೇಕೇ ಹೊರತು ಕೈಗೆ ಅಭ್ಯಾಸವಾದ ವಿಧಾನಕ್ಕೆ ತಕ್ಕ ಪ್ರಶ್ನೆಯನ್ನಲ್ಲ.

ಪ್ರಶ್ನೆ ಗಟ್ಟಿಯಾದ ಮೇಲೆ ಪರಾಮರ್ಶೆಯ ನಿಯಮಗಳನ್ನೆಲ್ಲ ಪ್ರೋಟೊಕಾಲ್ ಎಂಬ ದಾಖಲೆಯಾಗಿ ಬರೆದು ಬಹಿರಂಗವಾಗಿ ನೋಂದಾಯಿಸುತ್ತಾರೆ. ಆರೋಗ್ಯ ವಿಷಯಗಳಿಗೆ 2011ರಿಂದ ಪ್ರಾಸ್ಪೆರೊ ಎಂಬ ನೋಂದಣಿ ಪಟ್ಟಿ ಇದೆ. ಮಧ್ಯದಲ್ಲಿ ನಿಯಮ ಬದಲಿಸಲೇಬಾರದು ಎಂದೇನಿಲ್ಲ. ಬದಲಿಸಿದರೆ ಯಾವಾಗ, ಏಕೆ ಎಂದು ಬರೆಯಬೇಕು, ಅಷ್ಟೆ.

ಹುಡುಕಿ ಜರಡಿ ಹಿಡಿಯುವುದು

ಹುಡುಕಾಟದಲ್ಲಿ ಎರಡು ಆಸೆಗಳ ನಡುವೆ ಎಳೆದಾಟ ಇರುತ್ತದೆ. ಒಂದನ್ನೂ ಬಿಡಬಾರದು, ಹಾಗೆಂದು ಬೇಡದ್ದರ ರಾಶಿ ಬೀಳಬಾರದು. ಪರಾಮರ್ಶೆಯಲ್ಲಿ ಮೊದಲನೆಯದಕ್ಕೇ ಆದ್ಯತೆ. ಪೈಕೊದ ಪ್ರತಿಯೊಂದು ಅಂಶಕ್ಕೂ ಸಮಾನಾರ್ಥಕ ಪದಗಳ ಪಟ್ಟಿ ಮಾಡಿ, ಒಂದೇ ಅಂಶದ ಪದಗಳ ನಡುವೆ "ಅಥವಾ" ಹಾಕಿ, ಬೇರೆ ಬೇರೆ ಅಂಶಗಳ ನಡುವೆ "ಮತ್ತು" ಹಾಕಬೇಕು. ಫಲಿತಾಂಶದ ಪದಗಳನ್ನು ಹುಡುಕಾಟಕ್ಕೆ ಸೇರಿಸದಿರುವುದೇ ವಾಸಿ. ಎಷ್ಟೋ ಅಧ್ಯಯನಗಳ ಸಾರಾಂಶದಲ್ಲಿ ಅವು ಕಾಣಿಸುವುದೇ ಇಲ್ಲ, ಅವೆಲ್ಲ ಕೈತಪ್ಪಿ ಹೋಗುತ್ತವೆ. ಹುಡುಕಾಟದ ಸಾಲು ಸರಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಇದೆ. ಖಂಡಿತ ಸೇರಲೇಬೇಕಾದ ಐದಾರು ಅಧ್ಯಯನಗಳನ್ನು ಮೊದಲೇ ಗುರುತಿಸಿಟ್ಟುಕೊಂಡು, ಅವು ಬಲೆಗೆ ಬಿದ್ದವೇ ನೋಡುವುದು. ಒಂದು ಬೀಳದಿದ್ದರೂ ಸಾಲನ್ನು ತಿದ್ದಬೇಕು.

ಒಂದೇ ಡೇಟಾಬೇಸ್ ಸಾಲದು. ವೈದ್ಯಕೀಯಕ್ಕೆ ಮೆಡ್‌ಲೈನ್, ಎಂಬೇಸ್ ಎರಡೂ ಬೇಕು. ಸಮಾಜ ನೀತಿಯ ವಿಷಯವಾದರೆ ಪತ್ರಿಕೆಗಳಲ್ಲಿ ಬರದ ಸರ್ಕಾರಿ ವರದಿ, ಸಂಸ್ಥೆಗಳ ಮೌಲ್ಯಮಾಪನ, ಪ್ರಯೋಗಗಳ ನೋಂದಣಿ ಪಟ್ಟಿ ಎಲ್ಲವನ್ನೂ ಕೆದಕಬೇಕು. ಗ್ರಂಥಪಾಲಕರೊಬ್ಬರು ತಂಡದಲ್ಲಿ ಇದ್ದರೆ ಅರ್ಧ ಗೆದ್ದಂತೆ.

ಸಿಕ್ಕ ರಾಶಿಯನ್ನು ಎರಡು ಸುತ್ತು ಜರಡಿ ಹಿಡಿಯುತ್ತಾರೆ. ಲೆಕ್ಕ ಹೀಗಿರಬಹುದು: 4,000 ದಾಖಲೆ ಸಿಕ್ಕವು, ಪುನರಾವರ್ತನೆ ತೆಗೆದರೆ 2,900 ಉಳಿದವು, ಶೀರ್ಷಿಕೆ ಮತ್ತು ಸಾರಾಂಶ ಓದಿ 160 ಆರಿಸಿದರು, ಅವುಗಳ ಪೂರ್ಣ ಪಾಠ ಓದಿದ ಮೇಲೆ ಉಳಿದದ್ದು 22. ಸಾರಾಂಶಕ್ಕೆ ಒಂದು ನಿಮಿಷ ಹಿಡಿದರೂ ಮೊದಲ ಸುತ್ತಿಗೇ ಒಬ್ಬರಿಗೆ 48 ಗಂಟೆ. ಅದನ್ನು ಇಬ್ಬರು ಪರಸ್ಪರ ನೋಡಿಕೊಳ್ಳದೆ ಮಾಡಬೇಕು, ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರು ತೀರ್ಮಾನಿಸಬೇಕು. ಶುರುವಿನಲ್ಲಿ ಐವತ್ತು ದಾಖಲೆಗಳನ್ನು ಇಬ್ಬರೂ ಓದಿ ಹೋಲಿಸಿಕೊಂಡರೆ ನಿಯಮ ಎಲ್ಲಿ ಗೊಂದಲವಾಗಿದೆ ಎಂಬುದು ಅಂದೇ ತಿಳಿಯುತ್ತದೆ. ಪೂರ್ಣ ಪಾಠದ ಸುತ್ತಿನಲ್ಲಿ ಬಿಟ್ಟ ಪ್ರತಿಯೊಂದಕ್ಕೂ ಕಾರಣ ದಾಖಲಿಸಬೇಕು. ಈ ಇಡೀ ಇಳಿಕೆಯನ್ನು ಒಂದು ನಕ್ಷೆಯಾಗಿ ತೋರಿಸಬೇಕೆಂದು ಪ್ರಿಸ್ಮಾ ಮಾರ್ಗಸೂಚಿ ಹೇಳುತ್ತದೆ. 2009ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಅದರಲ್ಲಿ 27 ಅಂಶಗಳಿವೆ.

ಆಮೇಲೆ ಅಂಕಿಗಳನ್ನು ಎತ್ತಿಕೊಳ್ಳುವ ಕೆಲಸ. ಬೇಸರದ ಕೆಲಸ, ಆದ್ದರಿಂದಲೇ ಅಪಾಯದ್ದು. ವರದಿಯಲ್ಲಿ "ಸ್ಟ್ಯಾಂಡರ್ಡ್ ಎರರ್" (ಸರಾಸರಿಯ ಅಂದಾಜು ಎಷ್ಟು ಅನಿಶ್ಚಿತ ಎಂಬ ಅಳತೆ) ಎಂದಿರುವುದನ್ನು "ಸ್ಟ್ಯಾಂಡರ್ಡ್ ಡೀವಿಯೇಷನ್" (ಜನರಿಂದ ಜನರಿಗೆ ಎಷ್ಟು ವ್ಯತ್ಯಾಸ ಎಂಬ ಅಳತೆ) ಎಂದು ಬರೆದುಕೊಂಡರೆ ಏನಾಗುತ್ತದೆ ನೋಡಿ. ಗುಂಪಿನಲ್ಲಿ 100 ಜನ ಇದ್ದರೆ ಎರಡನೆಯದು ಮೊದಲನೆಯದರ ಹತ್ತು ಪಟ್ಟು. ಪರಿಣಾಮವನ್ನು ಡೀವಿಯೇಷನ್‌ನಿಂದ ಭಾಗಿಸಿ ಲೆಕ್ಕ ಹಾಕುವಾಗ ಚಿಕ್ಕ ಲಾಭ ಹತ್ತು ಪಟ್ಟು ಊದಿಕೊಳ್ಳುತ್ತದೆ. ಹಲವು ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಒಂದೇ ಅಂದಾಜಿಗೆ ತರುವುದಕ್ಕೆ ಮೆಟಾ ಅನಾಲಿಸಿಸ್ ಎನ್ನುತ್ತಾರೆ. ಇಂಥ ಲೆಕ್ಕ ಬಳಸಿದ 27 ಮೆಟಾ ಅನಾಲಿಸಿಸ್‌ಗಳನ್ನು 2007ರಲ್ಲಿ ಮರುಪರಿಶೀಲಿಸಿದಾಗ 10ರಲ್ಲಿ ತಪ್ಪು ಸಿಕ್ಕಿತು. ಒಂದೇ ಪ್ರಯೋಗ ಎರಡು ಮೂರು ಲೇಖನವಾಗಿ ಬಂದಿದ್ದರೆ ಅದನ್ನು ಎರಡು ಮೂರು ಸಲ ಎಣಿಸುವುದು ಇನ್ನೊಂದು ಬಲೆ. ವಾಂತಿ ತಡೆಯುವ ಓಂಡಾನ್‌ಸೆಟ್ರಾನ್ ಔಷಧಿಯ ವಿಷಯದಲ್ಲಿ ಹೀಗೆ ಮರೆಮಾಚಿದ ಮರುಪ್ರಕಟಣೆಗಳನ್ನೂ ಎಣಿಸಿದರೆ ಪರಿಣಾಮ ಶೇ 23ರಷ್ಟು ಹೆಚ್ಚಾಗಿ ಕಾಣುತ್ತದೆ ಎಂದು 1997ರ ಒಂದು ಅಧ್ಯಯನ ತೋರಿಸಿತು.

ತೂಕ ಹಾಕುವುದು

ಸೇರಿಸಿದ್ದೆಲ್ಲ ಸಮಾನ ಗಟ್ಟಿಯಲ್ಲ. ಹುಳುಕು ಕಾಳನ್ನು ಎಷ್ಟು ಸೇರು ಅಳೆದರೂ ಹುಳುಕೇ. ಆದ್ದರಿಂದ ಪ್ರತಿ ಅಧ್ಯಯನಕ್ಕೂ ಕೇಳಬೇಕಾದ ಪ್ರಶ್ನೆಗಳಿವೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೇ? ಚೀಟಿಯಲ್ಲಿ ಏನಿದೆ ಎಂದು ಸೇರಿಸುವವರಿಗೆ ಮೊದಲೇ ಗೊತ್ತಾಗುವಂತಿತ್ತೇ? ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು, ಎರಡೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ ಬಿಟ್ಟರೇ? ಅಳೆದವರಿಗೆ ಯಾರು ಯಾವ ಗುಂಪಿನವರೆಂದು ತಿಳಿದಿತ್ತೇ? ಅಳೆದದ್ದನ್ನೆಲ್ಲ ವರದಿ ಮಾಡಿದರೇ, ಚೆನ್ನಾಗಿ ಕಂಡದ್ದನ್ನು ಮಾತ್ರವೇ? ಇವಕ್ಕೆಲ್ಲ ಒಟ್ಟು ಅಂಕ ಕೊಟ್ಟು "ಹತ್ತಕ್ಕೆ ಏಳು" ಎನ್ನುವ ಹಳೆಯ ರೂಢಿ ಈಗ ಹೆಚ್ಚುಕಡಿಮೆ ಬಿದ್ದುಹೋಗಿದೆ, ಅದು ಒಳ್ಳೆಯದೇ ಆಯಿತು. ಒಂದು ಮಾರಕ ದೋಷವನ್ನು ಆರು ಚಿಕ್ಕ ಗುಣಗಳು ಮುಚ್ಚಿಹಾಕುವ ಲೆಕ್ಕ ಅದು.

ಇನ್ನು ಕೂಡಿಸುವ ಲೆಕ್ಕ. ಇದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ನೀತಿ ವಲಯದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇಲ್ಲೇ ಇದೆ. ಮೊಬೈಲ್ ಸಂದೇಶ ಕಳಿಸಿ ನೆನಪಿಸಿದರೆ ಹೆಚ್ಚು ಜನ ಲಸಿಕೆಗೆ ಬರುತ್ತಾರೆಯೇ ಎಂದು ಮೂರು ಕಾಲ್ಪನಿಕ ಪ್ರಯೋಗ ನಡೆದಿವೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಪ್ರತಿ ಗುಂಪಿಗೆ 100 ಜನ. ಸಂದೇಶ ಹೋದವರಲ್ಲಿ 60, ಹೋಗದವರಲ್ಲಿ 50 ಜನ ಬಂದರು. ಎರಡನೆಯದರಲ್ಲಿ ಗುಂಪಿಗೆ 400. ಬಂದವರು 224 ಮತ್ತು 200. ಮೂರನೆಯದರಲ್ಲಿ ಗುಂಪಿಗೆ 900. ಬಂದವರು 486 ಮತ್ತು 450. ಅಂದರೆ ಪ್ರತಿ 100 ಜನಕ್ಕೆ ಕ್ರಮವಾಗಿ 10, 6 ಮತ್ತು 4 ಜನ ಹೆಚ್ಚು.

ಪ್ರತಿ ಅಂದಾಜಿಗೂ ಆಚೀಚೆ, ನಿಜವಾದ ಉತ್ತರ ಇರಬಹುದಾದ ಒಂದು ಹರವು ಇರುತ್ತದೆ. ಸಂಖ್ಯಾಶಾಸ್ತ್ರದವರು ಅದನ್ನು ವಿಶ್ವಾಸಾಂತರ ಎನ್ನುತ್ತಾರೆ. ಮೊದಲನೆಯದರ ಹರವು ಸುಮಾರು 4 ಜನ ಕಡಿಮೆಯಿಂದ 24 ಜನ ಹೆಚ್ಚಿನವರೆಗೆ. ಎರಡನೆಯದರದ್ದು 1 ಕಡಿಮೆಯಿಂದ 13 ಹೆಚ್ಚಿನವರೆಗೆ. ಮೂರನೆಯದರದ್ದು ಅರ್ಧ ಕಡಿಮೆಯಿಂದ 8.6 ಹೆಚ್ಚಿನವರೆಗೆ. ಮೂರೂ ಸೊನ್ನೆಯನ್ನು ಒಳಗೊಂಡಿವೆ, ಅಂದರೆ ವ್ಯತ್ಯಾಸವೇ ಇಲ್ಲದಿರುವ ಸಾಧ್ಯತೆಯೂ ಉಳಿದಿದೆ. ಹಾಗಾಗಿ ಮೂರು ವರದಿಗಳ ಕೊನೆಯಲ್ಲೂ "ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ" ಎಂಬ ಸಾಲು ಇರುತ್ತದೆ. ಮತ ಎಣಿಸುವಂತೆ ಎಣಿಸಿದರೆ 3–0, ಸಂದೇಶ ಕೆಲಸಕ್ಕೆ ಬಾರದು.

ಈಗ ತೂಕ ಕೊಡೋಣ. ಹರವು ಕಿರಿದಾದಷ್ಟೂ ತೂಕ ಹೆಚ್ಚು ಎಂಬ ನಿಯಮದಂತೆ ಮೊದಲನೆಯದಕ್ಕೆ ಶೇ 7, ಎರಡನೆಯದಕ್ಕೆ ಶೇ 29, ಮೂರನೆಯದಕ್ಕೆ ಶೇ 64ರಷ್ಟು ತೂಕ ಬರುತ್ತದೆ. ಸೇರಿಸಿದ ಅಂದಾಜು 100ಕ್ಕೆ 5 ಜನ ಹೆಚ್ಚು, ಹರವು 1.3ರಿಂದ 8.7. ಸೊನ್ನೆ ಹೊರಗುಳಿಯಿತು. ಒಂದೊಂದೂ "ಗೊತ್ತಾಗಲಿಲ್ಲ" ಎಂದ ಮೂರು ಅಧ್ಯಯನ ಸೇರಿ "ಪ್ರಯೋಜನ ಇದೆ" ಎಂದವು. ಪರಿಣಾಮ ಇಲ್ಲ ಎಂಬುದು ಬೇರೆ, ಪರಿಣಾಮ ಇದೆಯೋ ಇಲ್ಲವೋ ಹೇಳಲಾಗದು ಎಂಬುದು ಬೇರೆ. ಕಡತಗಳಲ್ಲಿ ಇವೆರಡೂ ದಿನನಿತ್ಯ ಕಲಸಿಹೋಗುತ್ತವೆ.

ಇದು ಬರೀ ಲೆಕ್ಕದ ಚಮತ್ಕಾರವಲ್ಲ. ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಡುವ ಬಗ್ಗೆ 1959ರಿಂದ 1988ರ ನಡುವೆ 33 ಪ್ರಯೋಗ ನಡೆದವು. ನಡೆದ ಕ್ರಮದಲ್ಲೇ ಒಂದೊಂದನ್ನೂ ಕೂಡಿಸುತ್ತ ಹೋದಾಗ, 8 ಪ್ರಯೋಗ ಮುಗಿದು 2,432 ರೋಗಿಗಳಾದ 1973ಕ್ಕೇ ಉತ್ತರ ಸ್ಪಷ್ಟವಾಗಿತ್ತೆಂದು 1992ರಲ್ಲಿ ಗೊತ್ತಾಯಿತು. ಆಮೇಲಿನ 25 ಪ್ರಯೋಗಗಳಿಗೆ ಇನ್ನೂ 34,542 ಜನರನ್ನು ಸೇರಿಸಿಕೊಂಡಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಜೀವ ಉಳಿಸುವ ಔಷಧಿ ಸಿಗಲಿಲ್ಲ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಕೂಡಿಸಬಾರದು. ಎರಡು ಗಂಟೆಯ ಉಪನ್ಯಾಸ ಮತ್ತು ಆರು ತಿಂಗಳ ತರಬೇತಿಯ ಸರಾಸರಿ ಎಂದರೆ ಏನು? ಅಂಥ ತರಬೇತಿಯನ್ನು ಯಾರೂ ಕೊಟ್ಟಿರುವುದಿಲ್ಲ. ಅಧ್ಯಯನಗಳ ನಡುವಿನ ವ್ಯತ್ಯಾಸ ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಎಂದು ಅಳೆಯಲು ಐ-ಸ್ಕ್ವೇರ್ ಎಂಬ ಶೇಕಡಾ ಅಳತೆ ಇದೆ. ಅದು 80, 90 ಎಂದು ಬಂದರೆ ಸರಾಸರಿಯನ್ನು ಬದಿಗಿಟ್ಟು, ವ್ಯತ್ಯಾಸ ಏಕೆ ಎಂದು ಕೇಳಬೇಕು. ಆದರೆ ಕೇಳುವ ಭರದಲ್ಲಿ ವಯಸ್ಸು, ಲಿಂಗ, ಊರು ಎಂದು ಹೋಳು ಮಾಡುತ್ತ ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಹೃದಯಾಘಾತಕ್ಕೆ ಆಸ್ಪಿರಿನ್ ಕೊಟ್ಟು ನೋಡಿದ ಐಸಿಸ್-2 ಎಂಬ 1988ರ ಪ್ರಯೋಗದಲ್ಲಿ 17,187 ರೋಗಿಗಳಿದ್ದರು, ಆಸ್ಪಿರಿನ್ ಲಾಭ ಖಚಿತವಾಗಿತ್ತು. ರಾಶಿಯ ಪ್ರಕಾರ ವಿಂಗಡಿಸಿದಾಗ ಮಾತ್ರ ಮಿಥುನ ಮತ್ತು ತುಲಾ ರಾಶಿಯವರಿಗೆ ಲಾಭ ಕಾಣಲಿಲ್ಲ! ಹೋಳು ಮಾಡುವವರಿಗೆ ಎಚ್ಚರಿಕೆಯಾಗಲಿ ಎಂದೇ ಸಂಶೋಧಕರು ಅದನ್ನು ಪ್ರಕಟಿಸಿದರು. ಯಾವ ಹೋಳುಗಳನ್ನು ನೋಡುತ್ತೇವೆ ಎಂಬುದೂ ಪ್ರೋಟೊಕಾಲ್‌ನಲ್ಲೇ ಇರಬೇಕು.

ಕಪಾಟಿನಲ್ಲಿ ಉಳಿದವು

ಮೇಲಿನ ಮೂರು ಪ್ರಯೋಗಗಳನ್ನು ಇನ್ನೊಮ್ಮೆ ನೋಡಿ. ಅತಿ ಚಿಕ್ಕದರಲ್ಲಿ ಅತಿ ದೊಡ್ಡ ಪರಿಣಾಮ, ಅತಿ ದೊಡ್ಡದರಲ್ಲಿ ಅತಿ ಚಿಕ್ಕದು. ಅನುಭವಿಗಳ ಹುಬ್ಬು ಇಲ್ಲಿ ಮೇಲೇರುತ್ತದೆ. ಪರಿಣಾಮ ಕಾಣದ ಚಿಕ್ಕ ಪ್ರಯೋಗಗಳು ನಡೆದೂ ಪ್ರಕಟವಾಗದೆ ಉಳಿದಿರಬಹುದು. ಕನಿಷ್ಠ ಹತ್ತು ಅಧ್ಯಯನ ಇದ್ದರೆ ಅವುಗಳ ಗಾತ್ರ ಮತ್ತು ಪರಿಣಾಮವನ್ನು ಆಲಿಕೆಯಾಕಾರದ ನಕ್ಷೆಯಲ್ಲಿ ಗುರುತಿಸಿ, ಒಂದು ಬದಿ ಖಾಲಿ ಇದೆಯೇ ನೋಡಬಹುದು. ಮೂರರಲ್ಲಿ ಅದು ಆಗದ ಕೆಲಸ.

ಈ ತೊಂದರೆ ಎಷ್ಟು ದೊಡ್ಡದು ಎಂಬುದು ಖಿನ್ನತೆ ನಿವಾರಕ ಔಷಧಿಗಳ ಲೆಕ್ಕದಲ್ಲಿ ಕಾಣುತ್ತದೆ. ಅಮೆರಿಕದ ಔಷಧಿ ನಿಯಂತ್ರಕರ ಬಳಿ 74 ಅಧ್ಯಯನ ನೋಂದಣಿಯಾಗಿದ್ದವು. ನಿಯಂತ್ರಕರ ದೃಷ್ಟಿಯಲ್ಲಿ ಔಷಧಿಯ ಪರ ಇದ್ದದ್ದು 38. ಅವುಗಳಲ್ಲಿ 37 ಪ್ರಕಟವಾದವು. ಉಳಿದ 36 ವಿರುದ್ಧವಾಗಿದ್ದವು ಅಥವಾ ಅನುಮಾನಾಸ್ಪದವಾಗಿದ್ದವು. ಅವುಗಳಲ್ಲಿ 22 ಬೆಳಕಿಗೇ ಬರಲಿಲ್ಲ, 11 ಪರವಾಗಿರುವಂತೆ ತಿರುಚಿ ಪ್ರಕಟವಾದವು, ಇದ್ದಂತೆ ಪ್ರಕಟವಾದದ್ದು ಬರೀ 3. ಪತ್ರಿಕೆಗಳನ್ನಷ್ಟೇ ಓದಿದವರಿಗೆ ಶೇ 94ರಷ್ಟು ಪರ. ನಿಜದಲ್ಲಿ ಶೇ 51.

ಸರ್ಕಾರಗಳು ಇದರಲ್ಲಿ ಹಣ ಕಳೆದುಕೊಂಡಿವೆ. ಫ್ಲೂ ಜ್ವರದ ಟ್ಯಾಮಿಫ್ಲೂ ಮಾತ್ರೆಯನ್ನು ಬ್ರಿಟನ್ ಸರ್ಕಾರ 42.4 ಕೋಟಿ ಪೌಂಡ್ ಕೊಟ್ಟು ದಾಸ್ತಾನು ಮಾಡಿತು. ಅದು ತೊಡಕುಗಳನ್ನು ತಗ್ಗಿಸುತ್ತದೆ ಎಂಬ ಮಾತಿಗೆ ಆಧಾರವಾಗಿದ್ದದ್ದು ಹತ್ತು ಪ್ರಯೋಗಗಳನ್ನು ಸೇರಿಸಿದ ಒಂದು ಲೇಖನ. ಆ ಹತ್ತರಲ್ಲಿ ಎಂಟು ಪೂರ್ಣವಾಗಿ ಪ್ರಕಟವಾಗಿಯೇ ಇಲ್ಲ ಎಂದು 2009ರಲ್ಲಿ ಜಪಾನಿನ ಮಕ್ಕಳ ವೈದ್ಯರೊಬ್ಬರು ಎತ್ತಿ ತೋರಿಸಿದರು. ಕಾಕ್ರನ್ ತಂಡ ಮೂಲ ವರದಿಗಳಿಗಾಗಿ ಕಂಪನಿಯ ಜೊತೆ ವರ್ಷಗಟ್ಟಲೆ ಗುದ್ದಾಡಿ, ಕೊನೆಗೆ ಪಡೆದು, 2014ರಲ್ಲಿ ಪರಾಮರ್ಶೆ ಪ್ರಕಟಿಸಿತು. ವಯಸ್ಕರಲ್ಲಿ ರೋಗಲಕ್ಷಣ 7 ದಿನದಿಂದ 6.3 ದಿನಕ್ಕೆ ಇಳಿಯಿತು. ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತು ಎನ್ನಲು ಪುರಾವೆ ಸಿಗಲಿಲ್ಲ. ನೀತಿಗಾಗಿ ಪರಾಮರ್ಶೆ ಓದುವವರು "ಪ್ರಕಟವಾಗದ ಅಧ್ಯಯನಗಳನ್ನು ಹೇಗೆ ಹುಡುಕಿದಿರಿ" ಎಂದು ಮೊದಲು ಕೇಳುವುದು ಇದೇ ಕಾರಣಕ್ಕೆ.

ಎಷ್ಟು ನಂಬಬಹುದು

ಎಲ್ಲ ಮುಗಿದ ಮೇಲೆ ಪ್ರತಿ ಫಲಿತಾಂಶಕ್ಕೂ ಒಂದು ಭರವಸೆಯ ಮಟ್ಟ ನೀಡುವ ಗ್ರೇಡ್ ಪದ್ಧತಿ ಇದೆ: ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳು "ಹೆಚ್ಚು" ಎಂಬಲ್ಲಿಂದ ಹೊರಟು, ಐದು ಕಾರಣಕ್ಕೆ ಮೆಟ್ಟಿಲಿಳಿಯುತ್ತವೆ: ಅಧ್ಯಯನಗಳಲ್ಲೇ ದೋಷ, ಪರಸ್ಪರ ಹೊಂದದ ಫಲಿತಾಂಶ, ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸದಿರುವುದು, ಅಗಲವಾದ ಹರವು, ಮತ್ತು ಕಪಾಟಿನಲ್ಲಿ ಉಳಿದವುಗಳ ಅನುಮಾನ. ನಮ್ಮ ಸಂದೇಶದ ಉದಾಹರಣೆಯಲ್ಲಿ ಅನುಮಾನಕ್ಕೆ ಒಂದು ಮೆಟ್ಟಿಲು, ಬಂದವರ ಲೆಕ್ಕವನ್ನು ಅವರ ಬಾಯಿಮಾತಿನಿಂದಲೇ ಪಡೆದಿದ್ದರೆ ಇನ್ನೊಂದು. "ಕಡಿಮೆ" ಎಂಬಲ್ಲಿಗೆ ಬಂದೆವು. ಮೆಟ್ಟಿಲಿಳಿಸುವುದು ಯಂತ್ರದ ಕೆಲಸವಲ್ಲ, ಇಬ್ಬರು ತಜ್ಞರು ಒಂದು ಮೆಟ್ಟಿಲು ಹೆಚ್ಚು ಕಡಿಮೆ ಮಾಡಬಹುದು. ಕಾರಣ ಬರೆದಿದ್ದರೆ ಸಾಕು, ವಾದ ಮಾಡಲು ಜಾಗ ಇರುತ್ತದೆ.

"ಪುರಾವೆ ಕಡಿಮೆ ಮಟ್ಟದ್ದು" ಎಂದಾಕ್ಷಣ ಕ್ರಮ ಕೈಗೊಳ್ಳಬಾರದು ಎಂದಲ್ಲ. ಅಗ್ಗದ, ಹಾನಿಯಿಲ್ಲದ ಕ್ರಮಕ್ಕೆ ಕಡಿಮೆ ಮಟ್ಟದ ಪುರಾವೆ ಸಾಕಾಗಬಹುದು. ದುಬಾರಿಯಾದ, ಹಿಂದಕ್ಕೆ ತೆಗೆದುಕೊಳ್ಳಲಾಗದ ಕ್ರಮಕ್ಕೆ ಮಧ್ಯಮವೂ ಸಾಲದು. ವೆಚ್ಚ, ಯಾರಿಗೆ ಲಾಭ ಯಾರಿಗೆ ಹೊರೆ, ಜನ ಒಪ್ಪುತ್ತಾರೆಯೇ, ಮಾಡುವವರಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಪ್ರತ್ಯೇಕ ಅಂಕಣಗಳಲ್ಲಿ ಬರೆದು ಉತ್ತರಿಸಿದರೆ, ನಿರ್ಧಾರದಲ್ಲಿ ಪುರಾವೆಯ ಪಾಲೆಷ್ಟು, ಮೌಲ್ಯಗಳ ಪಾಲೆಷ್ಟು ಎಂಬುದು ಬಯಲಿಗೆ ಬರುತ್ತದೆ.

ಸದುದ್ದೇಶವೇ ಸಾಕು, ಹಾನಿಯಂತೂ ಆಗದು ಎನ್ನುವವರು ಅಮೆರಿಕದ ಒಂದು ಕಾರ್ಯಕ್ರಮವನ್ನು ನೋಡಬೇಕು. ದಾರಿ ತಪ್ಪುತ್ತಿರುವ ಹುಡುಗರನ್ನು ಜೈಲಿಗೆ ಕರೆದೊಯ್ದು, ಅಲ್ಲಿನ ಕೈದಿಗಳಿಂದ ಬೆದರಿಸಿ ಬುದ್ಧಿ ಕಲಿಸುವ ಯೋಜನೆ 1970ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾಗಿ ಬಹಳ ಜನಪ್ರಿಯವಾಯಿತು. ಕ್ಯಾಂಪ್‌ಬೆಲ್ ಸಂಸ್ಥೆಯ ಪರಾಮರ್ಶೆ ಒಂಬತ್ತು ಪ್ರಯೋಗಗಳನ್ನು ಪರಿಶೀಲಿಸಿತು. ಜೈಲು ನೋಡಿ ಬಂದ ಹುಡುಗರು, ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಹೋಲಿಕೆ ಗುಂಪು ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ವಯಸ್ಸಾದಂತೆ ಬಹಳ ಹುಡುಗರು ತಾವಾಗಿಯೇ ಸುಧಾರಿಸುತ್ತಾರೆ, ಆ ಶ್ರೇಯಸ್ಸು ಕಾರ್ಯಕ್ರಮಕ್ಕೆ ಹೋಗುತ್ತಿತ್ತು.

ಅಲ್ಲಿ ಫಲಿಸಿದ್ದು ಇಲ್ಲಿ

ತಮಿಳುನಾಡಿನಲ್ಲಿ 1980ರಲ್ಲಿ ಶುರುವಾದ ಸಮಗ್ರ ಪೌಷ್ಟಿಕತೆ ಯೋಜನೆ ಯಶಸ್ವಿ ಎಂದು ಹೆಸರಾಯಿತು. ತಾಯಂದಿರಿಗೆ ಆಹಾರದ ಬಗ್ಗೆ ತಿಳಿವಳಿಕೆ, ತೂಕ ಇಳಿದ ಮಕ್ಕಳಿಗೆ ಪೂರಕ ಆಹಾರ, ಇದು ಅದರ ತಿರುಳು. ಅದೇ ಮಾದರಿಯನ್ನು 1995ರಲ್ಲಿ ಬಾಂಗ್ಲಾದೇಶಕ್ಕೆ ಒಯ್ದರು. ಅಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ಮೌಲ್ಯಮಾಪನ ಮಾಡಿದವರು ಕಂಡ ಕಾರಣ ಸರಳ: ತಿಳಿವಳಿಕೆ ಹೋದದ್ದು ತಾಯಂದಿರಿಗೆ, ಆದರೆ ಸಂತೆಯಿಂದ ಸಾಮಾನು ತರುವವರು ಗಂಡಸರು, ಅಡುಗೆಮನೆಯ ಯಜಮಾನಿಕೆ ಅತ್ತೆಯದು. ಜೊತೆಗೆ, ಕೇಂದ್ರದಲ್ಲಿ ತಿಂದ ಮಗುವಿಗೆ ಮನೆಯಲ್ಲಿ ಅಷ್ಟು ಕಡಿಮೆ ಬಡಿಸಿದರೆ ಪೂರಕ ಆಹಾರ ಪೂರಕವಾಗಿ ಉಳಿಯುವುದಿಲ್ಲ.

ಇದರಿಂದ ಪರಾಮರ್ಶೆ ಓದುವ ಕ್ರಮವೇ ಬದಲಾಗಬೇಕು. "ಪರಿಣಾಮ ಎಷ್ಟು" ಎನ್ನುವ ಸಾಲಿನ ಪಕ್ಕದಲ್ಲಿ "ಪರಿಣಾಮ ಬರಲು ಯಾವ ಯಾವ ಕೊಂಡಿಗಳು ಕೂಡಬೇಕು" ಎಂದು ಬರೆದುಕೊಳ್ಳಬೇಕು. ಮೇಲಿನ ಯೋಜನೆಗಾದರೆ ಕೊಂಡಿಗಳು ಇವು: ತಾಯಿ ಸಭೆಗೆ ಬರುತ್ತಾಳೆ, ಹೇಳಿದ್ದನ್ನು ಒಪ್ಪುತ್ತಾಳೆ, ಮನೆಯಲ್ಲಿ ಏನು ಬೇಯಬೇಕೆಂದು ತೀರ್ಮಾನಿಸುವುದು ಅವಳೇ, ಕೇಂದ್ರದ ಆಹಾರ ಮನೆಯ ಊಟದ ಮೇಲೆ ಹೆಚ್ಚುವರಿ. ಮೂಲ ಜಾಗದಲ್ಲಿ ತಾನಾಗಿ ಕೂಡಿದ್ದ ಕೊಂಡಿಯನ್ನು ವರದಿಯಲ್ಲಿ ಯಾರೂ ಬರೆದಿರುವುದಿಲ್ಲ, ಅದು ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಅದನ್ನು ಹುಡುಕಬೇಕಾದವರು ಹೊಸ ಜಾಗವನ್ನು ಬಲ್ಲವರು, ಬಹುಪಾಲು ತಳಮಟ್ಟದ ಸಿಬ್ಬಂದಿ. ಅವರನ್ನು ಕೊನೆಯಲ್ಲಿ ಕರೆದು ವರದಿ ಕೈಗಿಡುವ ಬದಲು, ಪ್ರಶ್ನೆ ರೂಪಿಸುವಾಗಲೇ ಕೂರಿಸಿಕೊಳ್ಳಬೇಕು.

ಸಂಖ್ಯೆಯನ್ನೂ ಸ್ಥಳಕ್ಕೆ ತಕ್ಕಂತೆ ಪರಿವರ್ತಿಸಬೇಕು. "ಅಪಾಯ ಶೇ 20 ಕಡಿಮೆ" ಎಂಬ ಸಾಲು ಏನನ್ನೂ ಹೇಳುವುದಿಲ್ಲ. 1,000 ಜನರಲ್ಲಿ 200 ಜನ ಕಾಯಿಲೆ ಬೀಳುವ ಕಡೆ ಅದು 40 ಜನರನ್ನು ಉಳಿಸುತ್ತದೆ; 10 ಜನ ಬೀಳುವ ಕಡೆ ಬರೀ 2. ಖರ್ಚು ಎರಡೂ ಕಡೆ ಒಂದೇ ಇರಬಹುದು.

ಬರೆಯುವುದು, ಬೇಗ ಬರೆಯುವುದು

ಪೂರ್ಣ ಪರಾಮರ್ಶೆಗೆ ನೋಂದಣಿಯಿಂದ ಪ್ರಕಟಣೆಯವರೆಗೆ ಸರಾಸರಿ 67 ವಾರ ಹಿಡಿಯುತ್ತದೆ ಎಂದು 2017ರ ಒಂದು ವಿಶ್ಲೇಷಣೆ ತೋರಿಸಿದೆ. ಅಧಿವೇಶನ ಅಷ್ಟು ದಿನ ಕಾಯುವುದಿಲ್ಲ. ಆಗ ಮಾಡುವುದು ತ್ವರಿತ ಪರಾಮರ್ಶೆ: ಪ್ರಶ್ನೆಯನ್ನು ಕಿರಿದಾಗಿಸಿ, ಎರಡೇ ಡೇಟಾಬೇಸ್ ನೋಡಿ, ಒಬ್ಬರು ಜರಡಿ ಹಿಡಿದು ಇನ್ನೊಬ್ಬರು ಬಿಟ್ಟವುಗಳಲ್ಲಿ ಒಂದು ಪಾಲನ್ನು ಪರಿಶೀಲಿಸಿ, ಕೆಲವು ವಾರಗಳಲ್ಲಿ ಮುಗಿಸುವುದು. ಯಾವ ಹಂತ ಮೊಟಕಾಯಿತು ಎಂದು ಬರೆದಿದ್ದರೆ ಇದು ಗೌರವದ ಕೆಲಸವೇ. ಅಧ್ಯಯನಗಳ ದೋಷ ಪರೀಕ್ಷೆಯನ್ನು ಮಾತ್ರ ಎಷ್ಟು ಅವಸರವಿದ್ದರೂ ಕೈಬಿಡಬಾರದು. ಇನ್ನೂ ಒಂದು ಹತ್ತಿರದ ದಾರಿ ಇದೆ, ಅದನ್ನು ಜನ ಮರೆಯುತ್ತಾರೆ: ಈಗಾಗಲೇ ಒಳ್ಳೆಯ ಪರಾಮರ್ಶೆ ಇದೆಯೇ ಎಂದು ಮೊದಲು ಹುಡುಕಿ, ಅದರ ಗುಣಮಟ್ಟವನ್ನು ಆಮ್‌ಸ್ಟಾರ್-2 ಎಂಬ ಪರೀಕ್ಷಾ ಪಟ್ಟಿಯ 16 ಪ್ರಶ್ನೆಗಳಿಂದ ಪರೀಕ್ಷಿಸಿ, ಅಲ್ಲಿಂದಾಚಿನ ಅಧ್ಯಯನಗಳನ್ನಷ್ಟೇ ಸೇರಿಸುವುದು.

ಬರವಣಿಗೆಗೆ ಕೆನಡಾದಲ್ಲಿ ರೂಢಿಗೆ ಬಂದ ಒಂದು ಅಳತೆ ಉಪಯುಕ್ತ: ಒಂದು ಪುಟದಲ್ಲಿ ಮುಖ್ಯ ಮಾತು, ಮೂರು ಪುಟದಲ್ಲಿ ಸಾರಾಂಶ, ಇಪ್ಪತ್ತೈದು ಪುಟದಲ್ಲಿ ವರದಿ. ಮೊದಲ ಪುಟದಲ್ಲಿ ವಿಧಾನದ ವಿವರಣೆ ಬೇಡ. ಉತ್ತರ, ಅದರ ಭರವಸೆಯ ಮಟ್ಟ, ಯಾರಿಗೆ ಅನ್ವಯಿಸುತ್ತದೆ, ಹಾನಿ ಏನು, ಇಷ್ಟೇ. "ಇನ್ನಷ್ಟು ಸಂಶೋಧನೆ ಅಗತ್ಯ" ಎಂಬ ಸಾಲನ್ನು ಅಳಿಸಿ, ಯಾವ ಪ್ರಶ್ನೆಗೆ, ಯಾವ ಬಗೆಯ, ಎಷ್ಟು ಜನರ ಅಧ್ಯಯನ ಎಂದು ಬರೆಯಬೇಕು.

ಪರಾಮರ್ಶೆಗೂ ಬಾಳಿಕೆ ಇದೆ. 2007ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ತೀರ್ಮಾನ ಬದಲಿಸಬಲ್ಲ ಹೊಸ ಪುರಾವೆ ಬರಲು ಹಿಡಿದ ಮಧ್ಯಕ ಅವಧಿ 5.5 ವರ್ಷ, ಶೇ 23ರಷ್ಟು ಪರಾಮರ್ಶೆಗಳಿಗೆ ಎರಡೇ ವರ್ಷದಲ್ಲಿ ಅಂಥ ಪುರಾವೆ ಬಂದಿತ್ತು. ಇದ್ದ ಪುರಾವೆಯೇ ಕುಸಿಯುವುದೂ ಉಂಟು. ಕೋವಿಡ್‌ಗೆ ಐವರ್‌ಮೆಕ್ಟಿನ್ ಜೀವ ಉಳಿಸುತ್ತದೆ ಎಂದ ಕೆಲವು ಮೆಟಾ ಅನಾಲಿಸಿಸ್‌ಗಳು ಬಹುವಾಗಿ ನಂಬಿದ್ದ ಒಂದು ಅಧ್ಯಯನವನ್ನು ದತ್ತಾಂಶದ ಬಗ್ಗೆ ಗಂಭೀರ ಅನುಮಾನ ಎದ್ದು 2021ರ ಜುಲೈನಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದನ್ನೂ ಅಂಥವೇ ಕೆಲವನ್ನೂ ತೆಗೆದು ಮತ್ತೆ ಲೆಕ್ಕ ಹಾಕಿದಾಗ ಆ ಲಾಭ ಕಾಣೆಯಾಯಿತು. ವೇಗವಾಗಿ ಬದಲಾಗುವ ವಿಷಯಗಳಿಗೆ ಈಗ ತಿಂಗಳಿಗೊಮ್ಮೆ ಹುಡುಕಾಟ ನಡೆಸಿ ತಿದ್ದುತ್ತ ಹೋಗುವ "ಜೀವಂತ" ಪರಾಮರ್ಶೆಗಳು ಬಂದಿವೆ. ಎಲ್ಲದಕ್ಕೂ ಅಷ್ಟು ಹಣ, ಜನ ಇರುವುದಿಲ್ಲ. ಆದರೆ ಎರಡು ಸಾಲು ಸೇರಿಸಲು ಖರ್ಚಿಲ್ಲ. ಮುಖಪುಟದಲ್ಲಿ ಹುಡುಕಾಟ ಕೊನೆಗೊಂಡ ದಿನಾಂಕ, ಏಕೆಂದರೆ ಅದಕ್ಕೂ ಪ್ರಕಟಣೆಯ ದಿನಾಂಕಕ್ಕೂ ವರ್ಷದ ಅಂತರ ಇರುವುದು ಸಾಮಾನ್ಯ. ಅದರ ಕೆಳಗೆ, ಏನಾದರೆ ಇದನ್ನು ಮತ್ತೆ ತೆರೆಯಬೇಕು ಎಂಬ ಷರತ್ತು: ಇಷ್ಟು ಜನರಿಗಿಂತ ದೊಡ್ಡ ಹೊಸ ಪ್ರಯೋಗ ಬಂದರೆ, ಅಥವಾ ಪಟ್ಟಿಯಲ್ಲಿರುವ ಯಾವುದಾದರೂ ಅಧ್ಯಯನ ಹಿಂತೆಗೆದುಕೊಳ್ಳಲ್ಪಟ್ಟರೆ.